ಮಾಳವ್ವ ಕುರಿ ತೊಳಿಸಿದ್ದು

ಭಾಳ ಹಿಂದ, ನಮ್ಮ ಮುತ್ತಜ್ಜಿಗೂ ನೆನಪಿಲ್ಲದಷ್ಟು ಹಿಂದ, ಈ ಹಳ್ಳದ ದಂಡಿಗೆ ಒಂದು ಊರಿತ್ತಂತ. ಆ ಊರಾಗ ಮಾಳವ್ವ ಅಂತ ಒಬ್ಬಾಕಿ ಇದ್ಳಂತ. ಗಂಡ ಸತ್ತಾಕಿ, ಎರಡು ಹೆಣ್ಣು ಕೂಸು. ಕುರಿ ಉಣ್ಣಿ ನೂತು, ಆ ನೂಲು ಕಂಬಳಿ ನೇಯೋ ಜಕ್ಕಪ್ಪಗ ಕೊಟ್ರನ ಆಕಿ ಮನಿಯಾಗ ಒಲಿ ಹೊತ್ತೂದು.

ಹಳ್ಳದ ಆಚಿ ದಂಡಿ ಹೆಣ್ಮಕ್ಕಳೂ ಅವಗ ನೂಲು ಕೊಡತಿದ್ರಂತ. ಎಲ್ಲಾರ ನೂಲೂ ಮಗ್ಗದಾಗ ಹರೀತಿತ್ತು. ಒಂದಿನ ಜಕ್ಕಪ್ಪ ಸಿಟ್ಟಿಗೆದ್ದು, ಇನ್ನ ಮ್ಯಾಲೆ ಯಾರ ನೂಲು ಹರಿಯೂದಿಲ್ಲೋ ಅವ್ರದಷ್ಟ ತಗೋತೀನಿ ಅಂದನಂತ.

ಮಾಳವ್ವ ನೂಲೂದು ಬಿಟ್ಟು ಎದ್ಳಂತ. ಹೋಗಿ ಅವನ ಮಗ್ಗದ ಬಾಜೂಕ ಕುಂತ್ಳು. ಹರಿದ ಎಳಿ ಎಲ್ಲಾ ಬೆರಳಾಗ ತಿಕ್ಕಿ ನೋಡಿದ್ಳು. ಹರಿದಲ್ಲೆಲ್ಲಾ ಉಸುಕು, ಮುಳ್ಳು. ಕುರಿ ಮೈಯಾಗಿನ ಹೊಲಸು ನೂಲಿನ ತನಕ ಬಂದಿತ್ತು.

ಕುರಿ ಕಾಯೋ ಹಾಲಪ್ಪನ ಹತ್ರ ಓಡಿದ್ಳಂತ. ಉಣ್ಣಿ ಕತ್ತರಿಸೂಕಿಂತ ಮೊದಲ ಕುರೀನ ಹಳ್ಳದಾಗ ತೊಳಿ ಅಂದ್ಳಂತ. ಅವ ಹೌಹಾರಿದ. ಥಂಡಿ ಹತ್ತಿ ಸತ್ರ ಯಾರು ಹೊಣಿ ಅಂದ. ನಾ ಹೊಣಿ, ಒಂದು ಸತ್ರೂ ನಾ ಸಾಯೂತನಕ ನಿನ್ನ ಹಟ್ಟ್ಯಾಗ ಕಸ ಬಳೀತೀನಿ ಅಂದ್ಳಂತ. ಆಮ್ಯಾಲೆ ಮೆಲ್ಲಕ, ಆಚಿ ದಂಡಿಯವ್ರಿಗೆ ಮಾತ್ರ ಆ ಉಣ್ಣಿ ಕೊಡಬ್ಯಾಡ ಅಂದ್ಳಂತ.

ಹಾಲಪ್ಪ ನಕ್ಕುಬಿಟ್ಟ. "ಯವ್ವಾ, ಇರೋದು ಒಂದ ಹಿಂಡು. ಅವ್ರ ಪಾಲಿನ ಕುರೀನ ಮತ್ತ ಕೆಸರಾಗ ಹೊರಳಾಡಸ್ಲೇನು?"

ಆಕಿಗೆ ನಗು ಬರಲಿಲ್ಲ. ತೊಳಿಸಿದ್ರ ಅವ್ರ ನೂಲೂ ಗಟ್ಟಿ ಆಗಿ, ಜಕ್ಕಪ್ಪ ಅವ್ರದ ತಗೊಂಡು ತನ್ನದು ಬಿಟ್ಟಾನು; ತೊಳಿಸದಿದ್ರ ತನ್ನ ನೂಲೂ ಹರಿಯೂದು. ಕೂಸುಗಳ ಮಾರಿ ನೋಡಿದ್ಳು. ಮರುದಿನ ಬಂದು, ಇಳಿಸಪಾ ನೀರಿಗೆ ಅಂದ್ಳಂತ.

ನೀರಿಂದ ಎದ್ದ ಒಂದು ಗಬ್ಬದ ಕುರಿ ಥರಥರ ನಡುಗಿ ನೆಲಕ್ಕ ಬಿತ್ತಂತ. ಅಯ್ಯೋ ನನ್ನ ಶಿವನ, ಆಕಿ ಜೀವ ಬಾಯಿಗೆ ಬಂತು! ತನ್ನ ಕಂಬಳಿ ಹೊಚ್ಚಿ, ಅದನ್ನ ತಬಕೊಂಡು ಕುಂತ್ಳಂತ. ಒಂದು ತುತ್ತೂ ಮುಟ್ಟಲಿಲ್ಲ. ಹೊತ್ತು ಮುಳುಗೂ ಮುಂದ ಕುರಿ ಎದ್ದು ಮೈ ಕೊಡವಿತಂತ. ಆ ಸಪ್ಪಳ ಸುತ್ತ ಹಳ್ಳಿಗೆಲ್ಲಾ ಕೇಳಿತ್ತಂತ. ಯಾಕ ನಗತೀರಿ? ಹಂಗಂತಾರಪಾ.

ಎರಡೂ ದಂಡಿ ನೂಲು ಗಟ್ಟಿ ಆತು. ಒಂದಿನ ಜಕ್ಕಪ್ಪ ಆಕಿ ಬಾಗಿಲಿಗೆ ಬಂದ. ಇನ್ನ ನಿನ್ನ ನೂಲು ಬ್ಯಾಡ ಅನ್ನಾಕ ಬಂದಾನ ಅಂತ ಅಂಜಿ ಆಕಿ ಒಳಗ ಕುಂತಬಿಟ್ಳಂತ. ಅವ ಹೊರಗ ನಿಂತು ಒದರಿದ: "ಮಾಳವ್ವಾ, ಎಳಿ ಹರಿಯೂದು ನಿಂತೈತಿ, ನನ್ನ ಕೈ ನಿಲ್ಲವಲ್ದು. ಎರಡೂ ದಂಡಿ ನೂಲು ಸಾಲವಲ್ದು. ಇನ್ನಷ್ಟು ಕೊಡಬೇ!"

ಈಗೂ ಕುರಿ ನೀರಿಗಿಳಿಸೂ ದಿನ ಎರಡೂ ದಂಡಿ ಹೆಣ್ಮಕ್ಕಳು ಕಂಬಳಿ ಹಿಡಕೊಂಡು ಹಳ್ಳಕ್ಕ ಬರತಾರ. ಕಡೀ ಕುರಿ ಮೈ ಕೊಡವೂತನಕ ಯಾರೂ ತುತ್ತು ಮುಟ್ಟೂದಿಲ್ಲ. ನಾ ಆಚಿ ದಂಡಿ ಮಗಳು. ಮಾಳವ್ವ ಉಣ್ಣಿ ಕೊಡಬ್ಯಾಡ ಅಂದಿದ್ದು ನಮ್ಮವ್ರಿಗೇ. ಆದ್ರೂ ಆ ದಿನ ನಾನೂ ತುತ್ತು ಮುಟ್ಟೂದಿಲ್ಲ.