ಗಾಜಿನ ಮನೆ ಪಕ್ಕದ ನನ್ನ ಜಗಲಿ

ನಮ್ಮ ಬೀದಿ ಹೆಂಚಿನ ಸಾಲುಮನೆಗಳ ನಡುವೆ ನನ್ನ ಪಕ್ಕದ್ಮನೆ ಪುಟ್ಟಮಾದಪ್ಪ ನಾಲ್ಕಂತಸ್ತು ಎಬ್ಬಿಸ್ದ. ಮೈತುಂಬ ನೀಲಿ ಗಾಜು, ನೋಡಿದ್ರೆ ಕನ್ನಡಿ ಬೀರು ನಿಲ್ಲಿಸ್ದಂಗೆ. ಗೃಹಪ್ರವೇಶ ಮುಗಿದಿದ್ದೇ ತಡ, ನನ್ನ ಮೇಲೆ ಎಗರಿದ.

"ಏನಜ್ಜ, ನಿನ್ನ ಮುರುಕು ಜಗಲಿಯಿಂದ ನನ್ನ ಮನೆ ಅಂದ ಕೆಡ್ತದೆ. ಒಡೆಸ್ತೀಯೋ, ನಗರಸಭೆಯೋರನ್ನ ಕರೆಸ್ಲೋ?"

ಜಗಲಿ ಹೋದ್ರೆ ನಾನೆಲ್ಲಿ ಕೂತು ಜಂಬ ಕೊಚ್ಚಲಿ? ಆದ್ರೆ ನನ್ನ ತಲೆ ಅಂದ್ರೆ ಸಾಮಾನ್ಯವೇ?

"ಒಡೆಸ್ತೀನಪ್ಪ. ಅಂದ ಕೆಡ್ತದೆ ಅಂತ ನೀನು ದೃಷ್ಟಿಬೊಂಬೆನೂ ಕಟ್ಟಿಲ್ಲ. ಈಗ ಹೋಗೋ ಬರೋರ ಕೆಟ್ಟ ಕಣ್ಣೆಲ್ಲ ನನ್ನ ಜಗಲಿ ಮೇಲೆ ಬೀಳ್ತದೆ, ನೀನು ಬಚಾವು. ಅದು ಹೋದ್ಮೇಲೆ?"

ಅವನ ಮುಖ ಬಿಳಿಚ್ಕೊಂತು. "ಬೇಡಜ್ಜ, ಇರ್ಲಿ ಬಿಡು."

ಗೆದ್ದೆ ಅಂತ ಮೀಸೆ ತಿರುವಿದೆ. ಅವನು ನನ್ನ ಮುಖಾನೇ ದಿಟ್ಟಿಸಿ ನೋಡಿ ಕೈ ಮುಗಿದ.

"ಅಜ್ಜ, ದಿನಾ ಹೊರಗೇ ಕೂತಿರು. ಗಡ್ಡ ಮಾತ್ರ ಬೋಳಿಸ್ಬೇಡ. ಅಂಗಡೀಲಿ ಸಿಗೋ ದೃಷ್ಟಿಬೊಂಬೆನೂ ಇಷ್ಟು ಭಯಂಕರವಾಗಿರಲ್ಲ!"