ಶೇಂಗಿ ಬಚ್ಚಿಟ್ಟ ಕುಡಿಕೆಗಳು

ಭೂಮಿಯ ಮೈ ಇನ್ನೂ ಆರಿರದ ಕಾಲ ಅದು. ಗುಡ್ಡಗಳು ತಮ್ಮ ಜಾಗ ಯಾವುದೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ದಿನಾ ಯಾರಾದರೂ ಹೇಳಬೇಕಾಗಿತ್ತು.

ಆಗ ಒಂದು ಕೆಂಪು ಮಸಾರಿ ನೆಲದಲ್ಲಿ ಶೇಂಗಿ ಎಂಬ ಶೇಂಗಾ ಗಿಡವಿತ್ತು. ಶೇಂಗಾ ಕಾಯಿಗಳು ಆಗ ಮಣ್ಣಿನೊಳಗೆ ಇರುತ್ತಿರಲಿಲ್ಲ. ಅವರೆಯಂತೆ, ತೊಗರಿಯಂತೆ, ಎಲ್ಲರಿಗೂ ಕಾಣುವ ಹಾಗೆ ಮೇಲೆ ತೂಗುತ್ತಿದ್ದವು.

ಎಲ್ಲರಿಗೂ ಅಡುಗೆ ಮಾಡಿ ಹಾಕುತ್ತಿದ್ದವಳು ಮಣ್ಣವ್ವ. ನೆಲದಡಿಯಲ್ಲಿ ಅವಳ ಒಲೆ. ಅವಳು ಬೇಯಿಸುವ ಗಂಜಿಗೆ ಕಸುವು ಎಂದು ಹೆಸರು. ಕಸುವು ಉಂಡರೆ ಎಲೆ ಹಸಿರು, ಕಾಳು ಗಟ್ಟಿ. ಅದನ್ನು ಪುಟ್ಟ ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ತುಂಬಿ, ಎರೆಹುಳ ಎರೆಯಪ್ಪನ ಕೈಲಿ ಬೇರುಬೇರಿಗೂ ಕಳಿಸುತ್ತಿದ್ದಳು. ಕೈಲಿ ಎಂದರೆ, ಕೈ ಎಲ್ಲಿ ಬಂತು ಅವನಿಗೆ? ಕೈಯಿಲ್ಲ, ಕಣ್ಣೂ ಇಲ್ಲ. ತಲೆಯಿಂದ ತಳ್ಳಿಕೊಂಡೇ ಹೋಗುತ್ತಿದ್ದ, ಪಾಪ.

ಕುಡಿಕೆಯನ್ನು ಹಿಂದಿರುಗಿಸಲು ಒಂದು ರೀತಿಯಿತ್ತು. ಪಕ್ಕದ ಮನೆಯ ಪಾತ್ರೆಯನ್ನು ನಿಮ್ಮ ಅಮ್ಮ ಬರಿದಾಗಿ ವಾಪಸು ಕೊಡುತ್ತಾಳೆಯೇ? ಚೂರು ಬೆಲ್ಲವನ್ನಾದರೂ ಹಾಕುತ್ತಾಳಲ್ಲ, ಹಾಗೆಯೇ. ಗಿಡ ಒಂದು ಹಣ್ಣೆಲೆ ಹಾಕುತ್ತಿತ್ತು. ಹಸು ಸಗಣಿ ಹಾಕುತ್ತಿತ್ತು, ಹಕ್ಕಿ ಹಿಕ್ಕೆ ಹಾಕುತ್ತಿತ್ತು. ಮುದಿ ಮರ ಕೊನೆಗೆ ತನ್ನನ್ನೇ ಹಾಕಿಬಿಡುತ್ತಿತ್ತು. ಅದನ್ನೆಲ್ಲ ಕೊಳೆಸಿ ಮಣ್ಣವ್ವ ಮತ್ತೆ ಕಸುವು ಬೇಯಿಸುತ್ತಿದ್ದಳು.

ಮೇಲೆ ಗಾಳಿಯಣ್ಣನದೂ ಅದೇ ರೀತಿ. ಹಸು ಬಿಟ್ಟ ಉಸಿರನ್ನು ಎಲೆಗೆ ತಂದುಕೊಡುತ್ತಿದ್ದ. ಎಲೆ ಅದರಲ್ಲಿದ್ದ ಇದ್ದಿಲಿನ ಸತ್ವವನ್ನು ಬಿಸಿಲಿಗೆ ಕಾಯಿಸಿ ಸಿಹಿ ಮಾಡಿಕೊಂಡು, ಅವನ ಕೈಗೆ ಹೊಸ ಉಸಿರು ಕೊಡುತ್ತಿತ್ತು. ಅವನು ಅದನ್ನು ಹಸುವಿಗೆ ತಲುಪಿಸುತ್ತಿದ್ದ. ಯಾರೂ ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ.

ಶೇಂಗಿಗೆ ಆಗ ಚೊಚ್ಚಲ ಬಸಿರು. ಅವಳಿಗೆ ಬಹಳ ಹೆದರಿಕೆ. 'ಈ ಎಲಿ ಕೊಟ್ರ ನಾಳೆ ನನ್ನ ಕೂಸಿಗೆ ಏನು?' ಎಂದುಕೊಂಡು ಒಣಗಿದ ಎಲೆಯನ್ನೂ ಉದುರಿಸಲಿಲ್ಲ. ಉಂಡ ಕುಡಿಕೆ ಖಾಲಿ ಉಳಿಯಿತು. ಖಾಲಿ ಕುಡಿಕೆ ಕೊಡುವುದು ಹೇಗೆ, ನಾಚಿಕೆಯಲ್ಲವೇ? ನಾಳೆ ಏನಾದರೂ ಹಾಕಿ ಕೊಟ್ಟರಾಯಿತು ಎಂದು ಎಲೆಯ ಕೆಳಗೆ ಬಚ್ಚಿಟ್ಟಳು. ಮರುದಿನ ಇನ್ನೊಂದು ಬಂತು. ಅದನ್ನೂ ಬಚ್ಚಿಟ್ಟಳು. ಒಂದನ್ನು ಕೊಡಲು ನಾಚಿದವಳು ಅಷ್ಟನ್ನು ಹೇಗೆ ಕೊಟ್ಟಾಳು? ಕುಡಿಕೆಗಳ ಸಾಲು ಬೆಳೆಯಿತು, ನಾಚಿಕೆಯೂ ಬೆಳೆಯಿತು.

ಒಂದು ದಿನ ಎರೆಯಪ್ಪ ಬಂದ.

"ಶೇಂಗಿ, ಕುಡಿಕಿ ಅದಾವೇನವಾ? ಅವ್ವನ ಹತ್ರ ಬಡಸಾಕ ಕುಡಿಕಿನೇ ಉಳದಿಲ್ಲ. ಒಲಿ ಮ್ಯಾಲೆ ಇಡಾಕೂ ಏನಿಲ್ಲ."

 ಶೇಂಗಿ ನಿಜ ಹೇಳಬೇಕೆಂದೇ ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

"ನಿನ್ನ ಕೈಯಾಗ ಕೊಟ್ಟೀನಲ್ಲೋ! ಎಲ್ಲಿ ಬೀಳಿಸಿ ಬಂದಿ? ಕಣ್ಣಿಲ್ಲದವ್ನಿಗೆ ಕೆಲಸ ಹೇಳಿದ್ರ ಹಿಂಗ ನೋಡು."

ಎರೆಯಪ್ಪ ಮುದುಡಿಕೊಂಡ. "ಹೌದೇನವಾ? ಹಂಗಾರ ನಾನೇ ಬೀಳಿಸಿರಬೇಕು. ಹುಡುಕ್ತೀನಿ ತಡಿ," ಎಂದು ಮಣ್ಣನ್ನು ತುತ್ತು ತುತ್ತಾಗಿ ಬಾಯಿಗೆ ಹಾಕಿ ನೋಡುತ್ತ ಹೊರಟ. ಅವನು ಮರೆಯಾಗುವವರೆಗೂ ಶೇಂಗಿ ಆ ಕಡೆ ನೋಡಲಿಲ್ಲ.

ಕುಡಿಕೆ ಬಾರದೆ ಮಣ್ಣವ್ವನ ಅಡುಗೆ ಇಳಿಯಿತು. ಅದರ ಬಿಸಿ ಮೊದಲು ತಟ್ಟಿದ್ದು ಶೇಂಗಿಯ ಪಕ್ಕದಲ್ಲೇ ಇದ್ದ ನವಣೆ ಗಿಡ ನವಣಕ್ಕನಿಗೆ. ಅವಳ ಕೆಳಗಿನ ಎಲೆಗಳು ಹಳದಿಯಾದವು, ಆಮೇಲೆ ನಡುವಿನವು. ನೆಟ್ಟಗೆ ನಿಲ್ಲಲೂ ತ್ರಾಣವಿರಲಿಲ್ಲ. ಹೀಗೇ ಹೋದರೆ ತೆನೆಯ ಮುಖ ನೋಡುವ ಮೊದಲೇ ನವಣಕ್ಕ ಒಣಗಿಹೋಗುವುದು ಖಂಡಿತ. ಶೇಂಗಿಗೆ ಅದು ಕಾಣುತ್ತಿತ್ತು. ಕಂಡೂ ಆಕಾಶ ನೋಡುತ್ತ ನಿಂತಿದ್ದಳು.

ಒಂದು ಬೆಳಿಗ್ಗೆ ನವಣಕ್ಕ ಕಷ್ಟಪಟ್ಟು ಶೇಂಗಿಯ ಕಡೆಗೆ ಬಾಗಿದಳು. ಅವಳ ಕೈಯಲ್ಲಿ ಅರ್ಧ ಕುಡಿಕೆ ಕಸುವು ಇತ್ತು.

"ಬಸರಿ ಹೆಂಗಸು ನೀ. ನಿನಗ ಬಯಕಿ ಉಣ್ಣಿಸೋರು ಇಲ್ಲಿ ಯಾರದಾರ? ತಗೋ, ಉಣ್ಣು."

"ಮತ್ತ ನಿನಗ?"

"ನನಗ ಈಗ ಹಸಿವಿಲ್ಲವಾ."

ಕುಡಿಕೆ ಇಡಲು ಜಾಗ ಮಾಡೋಣವೆಂದು ನವಣಕ್ಕ ಶೇಂಗಿಯ ಎಲೆಯನ್ನು ಸರಿಸಿದಳು. ಅಲ್ಲಿ ಸಾಲು ಸಾಲು ಖಾಲಿ ಕುಡಿಕೆಗಳು!

 ನವಣಕ್ಕ ತನ್ನದೇ ಒಂದು ಹಳದಿ ಎಲೆಯನ್ನು ಉದುರಿಸಿ ಅವುಗಳ ಮೇಲೆ ಹೊದಿಸಿದಳು.

"ಗಾಳಿ ಬೀಸಿದ್ರ ಮಂದಿಗೆ ಕಾಣ್ತಾವು. ಮುಚ್ಚಿಕೋ ತಂಗಿ," ಎಂದಳು.

ಬೈದಿದ್ದರೆ ಶೇಂಗಿಯೂ ತಿರುಗಿ ಬೈಯುತ್ತಿದ್ದಳು.  ಈ ಮಾತು ಕೇಳಿ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅದೇ ಹೊತ್ತಿಗೆ ಅವಳ ಮೊಗ್ಗುಗಳು ಅರಳಿದವು. ಹಳದಿ ಹೂ, ಚೊಚ್ಚಲ ಹೂ. ಎತ್ತಿ ಎಲ್ಲರಿಗೂ ತೋರಿಸಬೇಕಾದ ಹೂ. ಅವಳಿಗೆ ತಲೆಯೆತ್ತಲು ಆಗಲಿಲ್ಲ.

"ಅವ್ವಾ!" ನೆಲಕ್ಕೆ ಬಾಯಿ ಹಚ್ಚಿ ಕೂಗಿದಳು. "ಕುಡಿಕಿ ಬಚ್ಚಿಟ್ಟಾಕಿ ನಾನು. ಎರೆಯಪ್ಪನ ಮ್ಯಾಲೆ ಸುಳ್ಳು ಹೇಳೀನಿ. ನವಣಕ್ಕ ಸಾಯಾಕತ್ಯಾಳ, ಏನರ ಮಾಡು!"

 

"ಎಲಿ ಉದುರಿಸು," ಎಂದಳು ಮಣ್ಣವ್ವ. ಶೇಂಗಿ ಒಣಗಿದ್ದನ್ನೆಲ್ಲ ಉದುರಿಸಿದಳು. "ಇವು ಕೊಳಿಯಾಕ ದಿನ ಹಿಡೀತಾವು. ನವಣಿ ಅಲ್ಲೀ ತನಕ ತಡಿಯೂದಿಲ್ಲ," ಎಂದಳು ಅವ್ವ.

ಶೇಂಗಿ ಗಾಳಿಯಣ್ಣನನ್ನು ಬೇಡಿದಳು. ಅವನು ಜೋಳಿಗೆ ಬಿಚ್ಚಿ ತೋರಿಸಿದ. "ನನ್ನ ಹತ್ರ ಕಸುವು ಬೇಕಾದಷ್ಟು ಐತಿ. ಆದ್ರ ಎಲ್ಲಾ ಹಸೀದು. ಇದನ್ನ ಹಿಡಿದು ಬೇಯಿಸೋದು ಯಾರಿಗೂ ಬರೂದಿಲ್ಲವಾ."

ಆಗ ಅವಳ ಬೇರಿನ ಬುಡದಿಂದ ಸಣ್ಣ ಸಣ್ಣ ದನಿಗಳು ಕೇಳಿಸಿದವು. ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿಗಳು ಅಲ್ಲಿದ್ದವು. "ನಮಗ ಬರ್ತೈತಿ! ಇರಾಕ ಮನಿ ಕೊಡು, ತಿನ್ನಾಕ ಸಿಹಿ ಕೊಡು."

ಮನೆಯಾಗಿ ಕೊಡಲು ಅವಳಲ್ಲಿದ್ದದ್ದು ಆ ಕುಡಿಕೆಗಳು ಮಾತ್ರ. ಶೇಂಗಿ ಅವುಗಳನ್ನು ಎಲ್ಲರೆದುರೇ ಹೊರಗೆಳೆದಳು. ಗಾಳಿಯಣ್ಣ ನೋಡಿದ. ಹೊಳೆ ನೋಡಿತು. ಹಸು ಮೆಲುಕು ಹಾಕುವುದನ್ನು ಬಿಟ್ಟು ನೋಡಿತು. ಆದರೂ ಅವಳು ನಿಲ್ಲಿಸಲಿಲ್ಲ. ಒಂದೊಂದನ್ನೇ ತನ್ನ ಬೇರಿಗೆ ಕಟ್ಟಿಕೊಂಡಳು. ಕೂಸಿಗೆಂದು ಎತ್ತಿಟ್ಟಿದ್ದ ಸಿಹಿಯನ್ನೂ ಅವುಗಳೊಳಗೆ ಇಳಿಸಿದಳು. ಪುಟಾಣಿಗಳು ಒಳಹೊಕ್ಕು, ಗಾಳಿಯ ಕಸುವನ್ನು ಹಿಡಿದು ಬೇಯಿಸಿದವು. ಮೊದಲ ಕುಡಿಕೆ ನವಣಕ್ಕನ ಬೇರಿಗೆ ಹೋಯಿತು.

ನವಣಕ್ಕ ಬದುಕಿದಳು. ಆದರೆ ಆ ಸಲ ಅವಳ ತೆನೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಅವಳು ಅದರ ಮಾತನ್ನೇ ಎತ್ತಲಿಲ್ಲ.

ಮಣ್ಣವ್ವ ಎರೆಯಪ್ಪನನ್ನು ಕರೆದು, ಕುಡಿಕೆ ಕಳೆದದ್ದು ಅವನಲ್ಲ, ಶೇಂಗಿ ಹೇಳಿದ್ದು ಸುಳ್ಳು ಎಂದು ತಿಳಿಸಿದಳು. ಅವನು ನಂಬಲೇ ಇಲ್ಲ.

"ಬಿಡವಾ, ಶೇಂಗಿ ಅಂಥಾಕಿ ಅಲ್ಲ. ನಾನೇ ಎಲ್ಲೋ ಬೀಳಿಸೀನಿ," ಎಂದು ಮತ್ತೆ ಮಣ್ಣು ಬಾಯಿಗೆ ಹಾಕಿಕೊಂಡು ಹುಡುಕಲು ಹೋದ. ಈಗಲೂ ಹುಡುಕುತ್ತಲೇ ಇದ್ದಾನೆ. ಮಳೆ ಬಂದರೆ ನಿಮ್ಮ ಅಂಗಳಕ್ಕೂ ಬರುತ್ತಾನೆ.

ಎರೆಯಪ್ಪನ ಆ ಮಾತು ಶೇಂಗಿಯ ಕಿವಿಗೆ ಬಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಸಾಕು ಮಗಳ, ಮ್ಯಾಲೆ ನೋಡು," ಎಂದಳು ಮಣ್ಣವ್ವ.

"ಆಗೂದಿಲ್ಲವಾ. ನನ್ನ ಮಕ್ಕಳು ನಿನ್ನ ಉಡಿಯಾಗ ಬೆಳೀಲಿ. ಕುಡಿಕಿ ಖಾಲಿ ಐತೋ, ತುಂಬೇತೋ, ಹುಟ್ಟಿದ ದಿನದಿಂದ ನೋಡ್ಕೋತ ಇರ್ಲಿ."

ಹೂವಿನ ಬುಡ ಮೆಲ್ಲಗೆ ಬಾಗಿತು. ಬಾಗಿ ಬಾಗಿ ಮಣ್ಣಿನೊಳಗೆ ಇಳಿಯಿತು. ಮಣ್ಣವ್ವ ಉಡಿಯೊಡ್ಡಿದಳು.

ಅದಕ್ಕೇ ಇಂದಿಗೂ ಶೇಂಗಾದ ಹೂ ಬಾಡಿದ ಕೂಡಲೇ ತಲೆ ತಗ್ಗಿಸಿ ಮಣ್ಣಿಗಿಳಿದು ಅಲ್ಲೇ ಕಾಯಿ ಕಟ್ಟುತ್ತದೆ, ಮತ್ತು ನೀವು ಗಿಡ ಕಿತ್ತು ನೋಡಿದರೆ ಆ ಕಾಯಿಗಳ ಪಕ್ಕದಲ್ಲಿ, ಬೇರಿನ ತುಂಬ, ಸಾಸಿವೆಯಷ್ಟು ಸಣ್ಣ ಗಂಟುಗಳಂಥ ಕುಡಿಕೆಗಳು ತುಂಬಿಕೊಂಡೇ ತೂಗುತ್ತಿರುತ್ತವೆ.