ಕಮಾನಿನ ಕೆಳಗೆ ಉಂಡ ಗುರುಸಿದ್ದವ್ವ

ಯಾವ ಕಾಲವೋ ಏನೋ, ಹಳ್ಳದ ದಂಡೆಗೆ ಒಂದು ಊರಿತ್ತಂತೆ. ಮಂದಿ ಈಚೆ ದಂಡೆಗೆ, ಸಂತೆ, ಸೂಲಗಿತ್ತಿ ಎಲ್ಲ ಆಚೆ ದಂಡೆಗೆ. ಹಳ್ಳ ತುಂಬಿತೆಂದರೆ ಬಸುರಿಯರ ಗತಿ ದೇವರೇ ಬಲ್ಲ. ಕಡೆಗೊಮ್ಮೆ ಸರಕಾರ ಕಣ್ಣು ತೆರೆದು, ಕಮಾನಿನ ಸೇತುವೆ ಕಟ್ಟುವ ಗುತ್ತಿಗೆಯನ್ನು ಅದೇ ಊರಿನ ಅಡಿವೆಪ್ಪನಿಗೆ ಕೊಟ್ಟಿತಂತೆ.

ಗುರುಸಿದ್ದವ್ವ ಈ ಅಡಿವೆಪ್ಪನ ಹೆಂಡತಿ. ಸೇತುವೆ ಏಳುತ್ತಿದ್ದ ಹಾಗೆ ಅವಳ ಮನೆಯೂ ಎದ್ದಿತಂತೆ. ಸರಕಾರದ ಸುಣ್ಣ ಗಾಡಿಗಟ್ಟಲೆ ಮನೆಗೆ ಬಂತು, ಕದ್ದುಮುಚ್ಚಿಯಲ್ಲ, ಹಾಡಹಗಲೇ. ಮನೆಯ ಗೋಡೆ ಬೆಳ್ಳಗಾಯಿತು, ಸೇತುವೆಯ ಗಾರೆ ಕೆಮ್ಮಣ್ಣಾಯಿತು. ಕೇಳಿದರೆ ಗಂಡ, ಹೆಂಗಸರಿಗೆ ಗಾರೆಯ ಉಸಾಬರಿ ಯಾಕೆ, ಸಾಹೇಬರು ಬರುತ್ತಾರೆ, ಹೋಳಿಗೆ ಮಾಡು ಅಂದನಂತೆ.

ಅವಳು ಹೋಳಿಗೆಯನ್ನೇ ಮಾಡಿದಳು.

ಕಮಾನಿಗೆ ಕೊಟ್ಟ ಮರದ ಆಸರೆ ಬಿಚ್ಚುವ ದಿನ ಮಾಮಲೇದಾರ ಬಂದ, ಇಂಜಿನಿಯರ್ ಬಂದ, ಊರೆಲ್ಲ ನೆರೆಯಿತು. ಗುರುಸಿದ್ದವ್ವ ಊಟಕ್ಕೆ ಎಲೆ ಹಾಕಿದ್ದು ಮಾತ್ರ ಕಮಾನಿನ ಕೆಳಗೆ, ಒಣಗಿದ ಹಳ್ಳದ ಮರಳಿನ ಮೇಲೆ.

'ಬರ್ರಿ ಸಾಹೇಬ್ರ, ಇಲ್ಲಿ ತಂಪೈತಿ. ನೀವು ಉಣ್ರಿ, ಅಷ್ಟರಾಗ ಆಳುಗಳು ಆಸರೆ ಬಿಚ್ಚತಾರ.'

ಮಾಮಲೇದಾರನಿಗೆ ಅಂದು ಏಕಾದಶಿ ಎಂಬುದು ತಟ್ಟನೆ ನೆನಪಾಯಿತಂತೆ. ಇಂಜಿನಿಯರನಿಗೆ ಹೊಟ್ಟೆ ಸರಿಯಿರಲಿಲ್ಲವಂತೆ. ಲಂಚ ಅರಗಿಸಿಕೊಂಡ ಹೊಟ್ಟೆ, ಹೋಳಿಗೆಗೆ ಹೆದರಿತು!

ಆಗ ಗುರುಸಿದ್ದವ್ವ ತಾನೇ ಕೂತಳಂತೆ. ನಾಳೆ ಊರ ಮಕ್ಕಳು ಇದರ ಮೇಲೆ ಹಾಯುತ್ತವೆ, ಇವತ್ತು ನಾನು ಕೆಳಗೆ ಕೂಡುತ್ತೇನೆ, ಬಿಚ್ಚಿ ಅಂದಳಂತೆ. ತುಪ್ಪ ಸುರಿದುಕೊಂಡಳಂತೆ. ಆಳುಗಳು ಕೊಡಲಿ ಎತ್ತಿ ಅಡಿವೆಪ್ಪನ ಮುಖ ನೋಡಿದರು. ಅಡಿವೆಪ್ಪ ಕಳ್ಳ ಹೌದು, ಆದರೆ ಹೆಂಡತಿಯ ಮೇಲೆ ಜೀವ ಇಟ್ಟುಕೊಂಡಿದ್ದ ಕಳ್ಳ.

'ಏಳ ಮಾರಾಯ್ತಿ! ಒಳಗ ಬರೇ ಮಣ್ಣೈತಿ!'

'ಎಲ್ಲಾರೂ ಕೇಳಿದ್ರಲ್ಲ?' ಅಂದು ಅವಳು ಉಳಿದ ಹೋಳಿಗೆಯನ್ನೂ ಮುಗಿಸಿಯೇ ಎದ್ದಳಂತೆ.

ಸೇತುವೆ ಕೆಡವಿದರು. ಗುರುಸಿದ್ದವ್ವ ಮನೆಯನ್ನೂ ಕೆಡವಿಸಿ ಕಲ್ಲನ್ನೆಲ್ಲ ಹಳ್ಳಕ್ಕೆ ಹೊರಿಸಿದಳು, ಸುಣ್ಣಕ್ಕೆ ಮೈಮೇಲಿನ ಬಂಗಾರ ಕೊಟ್ಟಳು. ಹೊಸ ಕಮಾನಿನ ಆಸರೆ ಬಿಚ್ಚಿದ ದಿನ ಗಂಡ ಹೆಂಡಿರಿಬ್ಬರೂ ಕೆಳಗೆ ಕೂತು ಉಂಡರಂತೆ. ಅವಳು ಬೆನ್ನು ಕೊಟ್ಟು ಕಮಾನು ಹೊತ್ತಳು ಅಂತ ಈಗ ಕೆಲವರು ಹೇಳುತ್ತಾರೆ. ಅವಳು ಹೊರಲಿಲ್ಲ, ಉಂಡಳು. ಅದೇ ಹೆಚ್ಚು.

ಇಂದಿಗೂ ಆ ಸೀಮೆಯಲ್ಲಿ ಶಾಲೆಯೋ ನೀರಿನ ಟ್ಯಾಂಕೋ ಏನೇ ಕಟ್ಟಲಿ, ರಿಬ್ಬನ್ ಕತ್ತರಿಸುವ ಮೊದಲು ಹೆಂಗಸರು ಅದರ ಕೆಳಗೆ ಎಲೆ ಹಾಕುತ್ತಾರೆ. ಮೊದಲ ಎಲೆ ಗುರುಸಿದ್ದವ್ವನದು, ಅದರ ಪಕ್ಕದ್ದು ಗುತ್ತಿಗೆದಾರನದು. ಅವನು ಕೂತು ಉಣ್ಣುವ ತನಕ ಯಾರೂ ಒಳಗೆ ಕಾಲಿಡುವುದಿಲ್ಲ. ಸಕ್ಕರೆ ಕಾಯಿಲೆ ಅಂತ ಅವನು ನೆಪ ತೆಗೆದರೆ, ಬುಟ್ಟಿಯಲ್ಲಿ ರೊಟ್ಟಿಯೂ ಇರುತ್ತದೆ.